ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ಮಾನವನ ಸ್ವಭಾವವನ್ನು ಅರಿಯಲಿಚ್ಛಿಸುವವನು ದೊಡ್ಡ ದೊಡ್ಡ ಗ್ರಂಥಗಳನ್ನು ತಿರುವಿಹಾಕಬೇಕಾದುದಿಲ್ಲ. ಜಾತ್ರೆಯ ದಿವಸ ತೇರಿನ ಬೀದಿಯ ಮಗ್ಗುಲಲ್ಲಿ ನಿಂತು, ಅಲ್ಲಿ ಕುಳಿತು ಹಾಡುವ ಅಂಧನೊಬ್ಬನ ಮುಂದೆ ಹಾದುಹೋಗುವ ಜನರನ್ನು ಒಂದು ಗಳಿಗೆ ನೋಡಿದರೆ ಸಾಕು. ಒಬ್ಬನು ಮುಖ ತಿರುಗಿಸಿಕೊಂಡು ಹೋಗುವನು. ಮತ್ತೊಬ್ಬನು ಕಾಸೊಂದನ್ನು ಎಸೆದು, ತನ್ನ ಪಾಲಿನ ಪುಣ್ಯವು ಸಂದಿತೆಂದು ನೆಮ್ಮದಿಯಿಂದ ಮುಂದಡಿಯಿಡುವನು. ಇನ್ನೊಬ್ಬನು ನಿಂತು ಹಾಡನ್ನು ಕೇಳುವನು. ಕಂಠವು ಇಂಪಾಗಿದೆಯೆಂದು ತಲೆದೂಗುವನು. ಆದರೆ ಆ ಕಂಠಕ್ಕೆ ನಾಳೆ ಅನ್ನವೆಲ್ಲಿಂದ ಬರುವುದೆಂದು ವಿಚಾರಿಸನು. ಇವರೆಲ್ಲರೂ ಕೆಟ್ಟವರಲ್ಲ, ಲೋಕದ ನಡತೆಯೇ ಹೀಗೆ. ಸಾವಿರದಲ್ಲೊಬ್ಬನು ಮಾತ್ರ ಅಲ್ಲಿ ನಿಂತು, ಈ ಕೊರಳಿಗೆ ವಿದ್ಯೆಯನ್ನು ಕೊಟ್ಟರೆ ಇದು ಏನಾಗಬಹುದೆಂದು ಯೋಚಿಸುವನು. ಅಂತಹ ಒಬ್ಬರು ಯೋಚಿಸಿದ್ದರ ಫಲವೇ ಶ್ರೀ ಪಂಚಾಕ್ಷರ ಗವಾಯಿಗಳವರ ಜೀವನ. ಆ ಜೀವನವನ್ನು ಈ ಮಹೋತ್ಸವದ ಸಂದರ್ಭದಲ್ಲಿ ಸ್ಮರಿಸುವುದು ನಮ್ಮೆಲ್ಲರ ಭಾಗ್ಯವೆಂದು ಭಾವಿಸುತ್ತೇನೆ.

ಜನನ, ಬಾಲ್ಯ

ಗವಾಯಿಗಳವರು 1892ನೆಯ ಇಸವಿಯಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯೆಂಬ ಸಣ್ಣ ಗ್ರಾಮದಲ್ಲಿ, ಜಂಗಮ ಮನೆತನವೊಂದರಲ್ಲಿ ಜನ್ಮವೆತ್ತಿದರು. ಆಗ ಈ ಸೀಮೆಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದಿತು. 1997ರ ತರುವಾಯ ಹಾವೇರಿ ಜಿಲ್ಲೆಗೆ ಸೇರಿದೆ. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಕೂಸಿಗೆ ಇಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸವಯ್ಯನೂ ತಮ್ಮ ಗದಿಗೆಯ್ಯನೂ ಇಬ್ಬರೂ ಹುಟ್ಟುಗುರುಡರು. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಕಣ್ಣಿಲ್ಲವೆಂದರೆ ಹೆತ್ತವರ ಸಂಕಟವೆಂತಹುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಮೇಲಾಗಿ ಕಾಲವೂ ಕಠಿಣವಾದುದು. 1896–97ರಲ್ಲಿಯೂ 1899–1900ರಲ್ಲಿಯೂ ಮುಂಬಯಿ ಇಲಾಖೆಯ ಮೇಲೆ ಘೋರವಾದ ಕ್ಷಾಮಗಳೆರಗಿದವು. ಅದೇ ವರ್ಷಗಳಲ್ಲಿ ಪ್ಲೇಗಿನ ಹಾವಳಿಯೂ ಹಬ್ಬಿತು. ಕಣ್ಣುಳ್ಳ ಗಟ್ಟಿಮುಟ್ಟಾದ ಆಳುಗಳೇ ಕೂಲಿಯಿಲ್ಲದೆ ಗುಳೇ ಹೋಗುತ್ತಿದ್ದ ಆ ದಿನಗಳಲ್ಲಿ ಕುರುಡ ಬಾಲಕರಿಗೆ ಯಾರು ತಾನೇ ಬೆಲೆ ಕಟ್ಟಿಯಾರು?

ಆದರೆ ದೇವನು ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆದಿಟ್ಟಿದ್ದನು. ಅಣ್ಣತಮ್ಮಂದಿರಿಬ್ಬರಿಗೂ ಕಂಠಮಾಧುರ್ಯವು ಸಹಜವಾಗಿದ್ದಿತು. ಒಮ್ಮೆ ಕಿವಿಗೆ ಬಿದ್ದ ಹಾಡು ಅವರಲ್ಲಿ ನಿಂತುಬಿಡುತ್ತಿದ್ದಿತು. ಹಳ್ಳಿಯಲ್ಲಿ ಸಂಗೀತದ ಶಿಕ್ಷಣವೆಲ್ಲಿ ಬರಬೇಕು? ಬೀಸುವ ಕಲ್ಲಿನ ಹಾಡು, ಭಜನೆಯ ಮೇಳ, ಪುರಾಣದ ಪಠಣ, ಬಯಲಾಟದ ಮದ್ದಳೆ, ಇವು ಹಳ್ಳಿಯ ಪಾಠಶಾಲೆಗಳು. ನಿತ್ಯಜೀವನದ ದುಡಿತದ ನಡುವೆಯೇ ನಮ್ಮ ಜನರು ಕಲೆಯನ್ನು ಬದುಕಿಸಿಕೊಂಡು ಬಂದಿರುವರೆಂಬುದನ್ನು ಮರೆಯಬಾರದು. ರೊಟ್ಟಿಗೆ ಹಿಟ್ಟು ಬೀಸುವ ಕೈಯೇ ರಾಗಕ್ಕೆ ಲಯವನ್ನೂ ಕೊಡುತ್ತಿದ್ದಿತು. ಆ ಲಯವೇ ಈ ಮಕ್ಕಳಿಗೆ ಮೊದಲ ಗುರುವಾಯಿತು.

ಗುರುಕರುಣೆ

ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರು ಆ ಕಾಲದಲ್ಲಿ ನಾಡಿನ ತುಂಬ ಸಂಚರಿಸಿ ಸಮಾಜದ ಏಳಿಗೆಗಾಗಿ ದುಡಿಯುತ್ತಿದ್ದರು. 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಹಿಂದಿನ ಪ್ರೇರಣೆ ಅವರದು. 1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದವರೂ ಅವರೇ. ಅಂಧಬಾಲಕರ ಹಾಡು ಅವರ ಕಿವಿಗೆ ಬಿದ್ದಿತು. ಅವರು ಮರುಗಿ ಕೈಗೆ ಕಾಸನ್ನಿತ್ತು ಕಳುಹಿಸಿಬಿಟ್ಟಿದ್ದರೆ ಈ ಚರಿತ್ರೆಯು ಅಲ್ಲಿಗೇ ಮುಗಿಯುತ್ತಿದ್ದಿತು. ಅವರು ಬಾಲಕರನ್ನೇ ಕೈಗೆತ್ತಿಕೊಂಡರು. ಅನ್ನ, ಆಶ್ರಯ, ವಿದ್ಯೆಗಳ ಹೊಣೆಯನ್ನು ಹೊತ್ತರು.

ಇಲ್ಲಿ ಒಂದು ಮಾತನ್ನು ವಿಚಾರಿಸಬೇಕಾಗಿದೆ. ಮರುಕವೂ ಕರುಣೆಯೂ ಒಂದೇ ಎಂದು ನಾವು ತಿಳಿಯುತ್ತೇವೆ. ಮರುಕವು ಕ್ಷಣದ್ದು, ಎದುರಿನವನ ದುಃಖವನ್ನು ಕಂಡು ನಮಗಾದ ಕಸಿವಿಸಿಯನ್ನು ಕಳೆದುಕೊಳ್ಳುವುದೇ ಅದರ ಗುರಿ. ಆದುದರಿಂದಲೇ ಕಾಸು ಕೊಟ್ಟೊಡನೆ ಅದು ಶಮನವಾಗುವುದು. ಕರುಣೆಯಾದರೋ ಅಲ್ಲಿಂದಲೇ ಕೆಲಸಕ್ಕೆ ತೊಡಗುವುದು. ಅದು ವರ್ಷಗಟ್ಟಲೆ ಕಾಯುವುದು, ವೆಚ್ಚವನ್ನು ಸಹಿಸುವುದು, ನಿರಾಶೆಯನ್ನು ನುಂಗುವುದು. ಕುಮಾರಸ್ವಾಮಿಗಳವರಿಗೆ ಇಂತಹ ನಿರಾಶೆಯೂ ಒದಗಿತು. ಅಣ್ಣ ಗುರುಬಸವಯ್ಯನು ಬಹುಕಾಲ ಬಾಳಲಿಲ್ಲ. ಜೊತೆಗೆ ಹುಟ್ಟಿ, ಜೊತೆಗೆ ಹಾಡಿ, ಕತ್ತಲೆಯನ್ನು ಹಂಚಿಕೊಂಡಿದ್ದ ಒಡಹುಟ್ಟಿದವನನ್ನು ಕಳೆದುಕೊಂಡ ತಮ್ಮನಿಗೆ ಗುರುಗಳೇ ತಾಯಿ, ತಂದೆ, ಅಣ್ಣ ಎಲ್ಲವೂ ಆದರು. ಗದಿಗೆಯ್ಯನು ಪಂಚಾಕ್ಷರಿಯಾದನು, ಷಟ್‌ಸ್ಥಲದ ಗುರಿಯನ್ನೂ ಸ್ವರಸಾಧನೆಯ ಗುರಿಯನ್ನೂ ಒಂದೇ ಬದುಕಿನಲ್ಲಿ ಹಿಡಿದು ನಡೆಯುವ ವ್ರತವನ್ನು ತೊಟ್ಟನು.

ವಿದ್ಯಾರ್ಜನೆ

ಗವಾಯಿಗಳವರು ಮೊದಲು ದಕ್ಷಿಣಾದಿ ಸಂಗೀತವನ್ನು ಅಭ್ಯಾಸ ಮಾಡಿ, ಆ ಪದ್ಧತಿಯಲ್ಲಿ ಗಟ್ಟಿಯಾದ ತಳಹದಿಯನ್ನು ಹಾಕಿಕೊಂಡರು. ಬಳಿಕ ಉತ್ತರಾದಿ ಸಂಗೀತದ ಕಡೆಗೆ ತಿರುಗಿದರು. ಧಾರವಾಡ ಸೀಮೆಯ ಸ್ಥಿತಿಯೇ ಅಂತಹುದು. ದಕ್ಷಿಣದಿಂದ ಕೃತಿಗಳು ಬರುತ್ತಿದ್ದವು. ಮೀರಜಿನ ಕಡೆಯಿಂದ ಖ್ಯಾಲು ಠುಮರಿಗಳು ಬರುತ್ತಿದ್ದವು. ನಾಟಕ ಮಂಡಳಿಗಳ ಮೂಲಕ ರಂಗಗೀತಗಳು ಹರಡುತ್ತಿದ್ದವು. ನಡುವಿದ್ದ ಊರುಗಳ ರಸಿಕರು ಎರಡನ್ನೂ ಕೇಳಿ ಎರಡನ್ನೂ ಮೆಚ್ಚುತ್ತಿದ್ದರು.

ಉತ್ತರಾದಿಯಲ್ಲಿ ಅವರಿಗೆ ಗುರುಗಳಾಗಿ ದೊರೆತವರಲ್ಲಿ ಮೊದಲಿಗರು ಶ್ರೀ ನೀಲಕಂಠಬುವಾ ಮೀರಜಕರರು. ಇವರು ಆಲೂರಮಠ ಮನೆತನದವರು. ಗ್ವಾಲೇರ ಘರಾಣೆಯನ್ನು ದಕ್ಷಿಣಕ್ಕೆ ತಂದ ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯಪರಂಪರೆಗೆ ಸೇರಿದವರು. ಮುಂದೆ ಹೆಸರಾಂತ ಗಾಯಕರಾದ ಮಲ್ಲಿಕಾರ್ಜುನ ಮನಸೂರರೂ ಇವರಲ್ಲಿ ಕಲಿತರು. ಅನಂತರ ಗವಾಯಿಗಳವರು ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದ್ ಖಾನರಿಂದ ಪಾಠ ಹೇಳಿಸಿಕೊಂಡರು. ಈ ಖಾನಸಾಹೇಬರ ವಿಷಯದಲ್ಲಿ ಒಂದು ಸಂಗತಿಯು ಚಿಂತನೀಯವಾಗಿದೆ. ಅವರಿಗೆ ಕಿವಿ ಮಂದವಾಗಿದ್ದಿತು; ಲೋಕದಲ್ಲಿ ಅವರಿಗೆ ಕಿವುಡ ವಹೀದ್ ಖಾನರೆಂದೇ ಹೆಸರಾಗಿದ್ದಿತು. ಆದರೂ ಅತಿ ವಿಲಂಬಿತ ಲಯದಲ್ಲಿ ಒಂದೊಂದು ಸ್ವರವನ್ನೂ ಹಿಡಿದು, ಅದರ ಸುತ್ತಮುತ್ತಲಿನ ಎಲ್ಲ ಎಡೆಗಳನ್ನೂ ತೋರಿಸಿ, ಅವಸರವಿಲ್ಲದೆ ಮುಂದಿನ ಸ್ವರಕ್ಕೆ ಸಾಗುವ ಆಲಾಪಪದ್ಧತಿಯಲ್ಲಿ ಅವರಿಗೆ ಸಮಾನರು ವಿರಳ. ಕೇಳಲಾರದ ಗುರು, ನೋಡಲಾರದ ಶಿಷ್ಯ. ಇಬ್ಬರ ನಡುವೆ ನಾದವೊಂದೇ ಸೇತುವೆ! ಮುಸಲ್ಮಾನ ಉಸ್ತಾದರು, ಲಿಂಗವಂತ ಜಂಗಮರು. ಒಬ್ಬರು ನಮಾಜು ಮುಗಿಸಿ ಬರುವವರು, ಮತ್ತೊಬ್ಬರು ಲಿಂಗಪೂಜೆ ಮುಗಿಸಿ ಕೂಡುವವರು. ತಂಬೂರಿಯನ್ನು ಶ್ರುತಿಗೂಡಿಸಿದ ಬಳಿಕ ಈ ಭೇದವು ಪಾಠಕ್ಕೆ ಅಡ್ಡಬರಲಿಲ್ಲ. ನೆರೆಹೊರೆಯವರು ಸಣ್ಣ ಮಾತಿಗೆ ಬಡಿದಾಡುವ ಈ ಲೋಕದಲ್ಲಿ ಕಲೆಯು ಮಾಡುವ ಉಪಕಾರಗಳಲ್ಲಿ ಇದೂ ಒಂದು. ಮನುಷ್ಯರನ್ನು ಒಂದುಗೂಡಿಸುವೆನೆಂದು ಅದು ಹೊರಡುವುದಿಲ್ಲ. ತನ್ನ ಕೆಲಸದ ಮುಂದೆ ಉಳಿದೆಲ್ಲವನ್ನೂ ಮರೆಯಿಸುವುದರಿಂದ ಅವರು ತಾವಾಗಿಯೇ ಒಂದಾಗುವರು.

ಎರಡೂ ಪದ್ಧತಿಗಳಲ್ಲಿ ಪಾರಂಗತರಾದುದರಿಂದ ಗವಾಯಿಗಳವರಿಗೆ ಉಭಯಗಾನ ವಿಶಾರದರೆಂಬ ಬಿರುದು ಸಂದಿತು. ಇದನ್ನು ಸುಲಭವೆಂದು ತಿಳಿಯಲಾಗದು. ಒಂದರಲ್ಲಿ ಗಮಕವೇ ಸ್ವರದ ಪ್ರಾಣ. ಇನ್ನೊಂದರಲ್ಲಿ ಸ್ವರವು ದೀರ್ಘವಾಗಿ, ಅಲುಗಾಡದೆ ನಿಲ್ಲಬೇಕು. ಒಂದರಲ್ಲಿ ರಚಿತವಾದ ಕೃತಿಗೆ ಹಿರಿಮೆ. ಇನ್ನೊಂದರಲ್ಲಿ ಎರಡು ಸಾಲಿನ ಚೀಜಿನ ಸುತ್ತ ಗಾಯಕನು ಗಂಟೆಗಟ್ಟಲೆ ಕಟ್ಟುವ ರಾಗದ ವಿಸ್ತಾರಕ್ಕೆ ಹಿರಿಮೆ. ಒಂದು ಕೊರಳಿಗೆ ಎರಡು ನಡೆಗಳನ್ನು ಕಲಿಸಿ, ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ಕಾಯುವುದು ಬಹು ದೊಡ್ಡ ಸಂಯಮ. ಇಷ್ಟೇ ಅಲ್ಲದೆ ತಬಲಾ, ಪೇಟಿ ಮೊದಲಾದ ವಾದ್ಯಗಳೂ ಅವರಿಗೆ ಕೈವಶವಾಗಿದ್ದವು.

ಸಂಚಾರದ ಪಾಠಶಾಲೆ

ವಿದ್ಯೆಯು ಬಂದ ಮೇಲೆ ಅದನ್ನೇನು ಮಾಡಬೇಕೆಂಬ ಪ್ರಶ್ನೆಯು ಎಲ್ಲ ಕಲಾವಂತರ ಮುಂದೆಯೂ ನಿಲ್ಲುವುದು. ಸಂಸ್ಥಾನಗಳ ಆಶ್ರಯವಿದ್ದ ಕಾಲವದು. ಮೆಹಫಿಲುಗಳಿಗೆ ಸಂಭಾವನೆಯಿದ್ದಿತು; ಗ್ರಾಮಫೋನು ತಟ್ಟೆಗಳಿಂದ ಗಾಯಕರ ಹೆಸರು ಊರೂರಿಗೆ ಹಬ್ಬುತ್ತಿದ್ದಿತು. ಗವಾಯಿಗಳವರು ತಮ್ಮೊಬ್ಬರ ಸುಖವನ್ನು ನೋಡಿಕೊಂಡಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ತನ್ನಂತಹ ಅಂಧರಿಗೂ ಅನಾಥರಿಗೂ ವಿದ್ಯೆಯನ್ನು ಎರೆಯಬೇಕೆಂಬುದು ಗುರುವಿನ ಅಪ್ಪಣೆಯಾಗಿದ್ದಿತು. 1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಕುಮಾರಸ್ವಾಮಿಗಳವರ ಕೃಪೆಯಿಂದ ಸಂಗೀತ ಪಾಠಶಾಲೆಯೊಂದು ಹುಟ್ಟಿತು. ಅದರ ಭಾರವನ್ನು ಗವಾಯಿಗಳವರು ಹೊತ್ತರು. ಬ್ರಹ್ಮಚಾರಿಗಳಾಗಿಯೇ ಉಳಿದು, ಆ ಮಕ್ಕಳನ್ನೇ ಸಂಸಾರವೆಂದು ಬಗೆದರು.

ಆ ಪಾಠಶಾಲೆಗೆ ಬಹುಕಾಲ ಸ್ವಂತ ಗೋಡೆಗಳಿರಲಿಲ್ಲ. ಅದು ಊರಿಂದೂರಿಗೆ ಸಂಚರಿಸುತ್ತಿದ್ದಿತು. ಗುರುಗಳು ಎಲ್ಲಿಗೆ ಹೋದರೆ ಶಿಷ್ಯರೂ ಅಲ್ಲಿಗೆ. ಮಠದ ಪಡಸಾಲೆ, ಗುಡಿಯ ಅಂಗಳ, ಭಕ್ತರ ಮನೆಯ ಜಗಲಿ, ಇವೇ ತರಗತಿಗಳು. ಅಂಧರ ಬ್ರೈಲ್ ಲಿಪಿಗೆ ನಮ್ಮ ದೇಶದ ಭಾಷೆಗಳಿಗೆಲ್ಲ ಏಕರೂಪವಾದ ವ್ಯವಸ್ಥೆಯು ಒದಗಿದುದೇ 1951ರಲ್ಲಿ. ಅದಕ್ಕಿಂತ ಎಷ್ಟೋ ಮುಂಚೆ ಈ ಬಾಲಕರಿಗೆ ಪಾಠವೆಂದರೆ ಕಿವಿ ಮತ್ತು ಕೈ, ಇವೆರಡೇ. ಸಂಗೀತವು ಬಾಯಿಂದ ಕಿವಿಗೆ ಇಳಿದುಬರುವ ವಿದ್ಯೆ. ಕಾಗದದ ಮೇಲಿನ ಬರೆಹಕ್ಕೆ ಅಲ್ಲಿ ಎರಡನೆಯ ಸ್ಥಾನ. ಆದುದರಿಂದ ಕಣ್ಣಿಲ್ಲದವನು ಕಣ್ಣುಳ್ಳವನೊಡನೆ ಸರಿಸಮನಾಗಿ ಕುಳಿತುಕೊಳ್ಳಬಹುದಾದ ಕೆಲವೇ ಪಂಕ್ತಿಗಳಲ್ಲಿ ಇದೊಂದು. ಉಳಿದ ಎಡೆಗಳಲ್ಲಿ ಅವನು ಪರಾಧೀನನು. ಇಲ್ಲಿ ಅವನ ಏಕಾಗ್ರತೆಯೇ ಅವನಿಗೆ ಬಂಡವಾಳವಾಗುವುದು. ಗುರುಗಳ ಹಿರಿಮೆಯಿರುವುದು ಈ ಮರ್ಮವನ್ನು ಅರಿತುದರಲ್ಲಿ. ಅವರು ತಾವೇ ಅಂಧರಾದುದರಿಂದ ಶಿಷ್ಯನ ಅಡಚಣೆಯನ್ನು ಯಾರೂ ಅವರಿಗೆ ಬಣ್ಣಿಸಿ ಹೇಳಬೇಕಾಗಿರಲಿಲ್ಲ. ಆಗದೆಂಬ ನೆಪವನ್ನು ಶಿಷ್ಯನು ಅವರ ಮುಂದೆ ಒಡ್ಡುವಂತೆಯೂ ಇರಲಿಲ್ಲ.

ಅನ್ನದ ಪ್ರಶ್ನೆಯಾದರೋ ದಿನದಿನವೂ ಹೊಸದಾಗಿಯೇ ಹುಟ್ಟುತ್ತಿದ್ದಿತು. ಬೆಳೆಯುವ ಹುಡುಗರ ಹಸಿವೆಂದರೆ ಸಾಮಾನ್ಯವಲ್ಲ. ಊರಿನಲ್ಲಿ ಗಾಯನವಾದರೆ ಭಕ್ತರು ಜೋಳ, ಬೇಳೆ, ಅರಿವೆ, ರೊಕ್ಕ, ತಮಗಾದುದನ್ನು ಕೊಡುವರು. ಮಳೆ ಹೋದ ವರ್ಷ ಕೊಡುವ ಕೈಯೂ ಕುಗ್ಗುವುದು. 1930ರಲ್ಲಿ ಶ್ರೀ ಕುಮಾರಸ್ವಾಮಿಗಳವರು ಲಿಂಗೈಕ್ಯರಾದಾಗ ಗವಾಯಿಗಳವರಿಗೆ ದಾರಿಯ ದೀಪವೇ ಆರಿದಂತಾಯಿತು. ಗುರುವಿನ ಮಾತಿಗಾಗಿ ಕೊಡುತ್ತಿದ್ದವರು ಗುರುವಿಲ್ಲದ ಮೇಲೂ ಕೊಡುವರೇ? ಆಗ ಪಾಠಶಾಲೆಯನ್ನು ಮುಚ್ಚಿದ್ದರೆ ಎಷ್ಟು ಮಕ್ಕಳು ಮರಳಿ ಜಾತ್ರೆಯ ಬೀದಿಗೆ ಬೀಳುತ್ತಿದ್ದರೋ! ಗವಾಯಿಗಳವರು ಮುಚ್ಚಲಿಲ್ಲ. ಗದುಗಿನಲ್ಲಿ ಬಸರಿಗಿಡದ ವೀರಪ್ಪನವರೆಂಬ ಉದಾರಿಗಳ ಆಶ್ರಯವು ದೊರೆಯಿತು. ಸಂಚಾರದಲ್ಲಿದ್ದ ಪಾಠಶಾಲೆಯು ಅಲ್ಲಿ ನೆಲೆಗೊಂಡು ಶ್ರೀ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರನ್ನು ಪಡೆಯಿತು. ದಾನಿಯ ಹೆಸರನ್ನು ಆಶ್ರಮದ ಹೆಸರಿನಲ್ಲಿಯೇ ಉಳಿಸಿದುದು ಗವಾಯಿಗಳವರ ಕೃತಜ್ಞತೆಯ ಕುರುಹು. ತಮ್ಮ ಹೆಸರನ್ನಿಡುವುದು ಅವರ ಮನಸ್ಸಿಗೇ ಬರಲಿಲ್ಲ.

ನಾಟ್ಯಸಂಘ

ಗವಾಯಿಗಳವರು ನಾಟಕದ ಮಂಡಳಿಯನ್ನು ಕಟ್ಟಿದುದನ್ನು ಕೇಳಿ ಇಂದಿಗೂ ಕೆಲವರು ಆಶ್ಚರ್ಯಪಡುವುದುಂಟು. ಲಿಂಗಪೂಜಾನಿಷ್ಠರೂ ವೈರಾಗ್ಯಶಾಲಿಗಳೂ ಆದವರಿಗೆ ಬಣ್ಣದ ಸಹವಾಸವೇಕೆಂಬುದು ಅವರ ಶಂಕೆ. ಆ ಕಾಲದಲ್ಲಿ ಈ ಶಂಕೆಯು ಇನ್ನೂ ಬಲವಾಗಿದ್ದಿತು. ನಾಟಕದವರಿಗೆ ಮನೆ ಬಾಡಿಗೆಗೆ ಕೊಡಲು ಹಿಂಜರಿಯುವವರೇ ರಾತ್ರಿ ಟಿಕೀಟು ಕೊಂಡು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದರು. ಮನುಷ್ಯನ ಮನಸ್ಸಿನ ವಿಚಿತ್ರವಿದು: ತನಗೆ ಸುಖವನ್ನು ಕೊಡುವವನನ್ನು ಅವನು ಮೆಚ್ಚುವನು, ಆದರೆ ಗೌರವಿಸಲಾರನು.

ಗವಾಯಿಗಳವರ ಎಣಿಕೆಯೇ ಬೇರೆ. ಆಶ್ರಮದ ಮಕ್ಕಳಿಗೆ ಅನ್ನವು ಬೇಕು. ಕಲಿತ ವಿದ್ಯೆಗೆ ರಂಗವೂ ಬೇಕು. ಸದಾ ಬೇಡಿದ ಅನ್ನವನ್ನೇ ಉಂಡ ಹುಡುಗನು ಎಷ್ಟು ಚೆನ್ನಾಗಿ ಹಾಡಿದರೂ ಒಳಗೆ ಭಿಕ್ಷುಕನಾಗಿಯೇ ಉಳಿಯುವನು. ತನ್ನ ಕಂಠದಿಂದ, ತನ್ನ ಬೆರಳುಗಳಿಂದ ಗಳಿಸಿದ ಅನ್ನವನ್ನು ಒಂದು ದಿನ ಉಂಡರೂ ಅವನು ತಲೆಯೆತ್ತುವನು. ನಮ್ಮ ಶರಣರು ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಎಣಿಸಿದುದರ ತಾತ್ಪರ್ಯವೂ ಇದೇ ಅಲ್ಲವೇ? ಪೇಟಿ ಬಾರಿಸುವವನಿಗೆ ಪೇಟಿಯೇ ಕಾಯಕ. ತಬಲಾ ನುಡಿಸುವವನಿಗೆ ತಬಲಾವೇ ಕಾಯಕ. ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕು. ನಾಟ್ಯಸಂಘದ ಉತ್ಪನ್ನವು ಆಶ್ರಮದ ಒಲೆಗೆ ಸಂದಿತು. ಹೀಗೆ ಜನರು ಕೀಳೆಂದು ಬಗೆದ ಉದ್ಯೋಗವೇ ಮಕ್ಕಳ ಅನ್ನವಾಗಿ ಮೇಲಾಯಿತು. ನಾಟಕದ ಕಸಬು ನಂಬಿಕೆಯದಲ್ಲ. ಒಂದು ಅಕಾಲದ ಮಳೆಯು ಡೇರೆಯನ್ನು ತೋಯಿಸಿದರೆ ತಿಂಗಳ ಗಳಿಕೆಯು ನೀರಾಗುವುದು. ಅದರ ಕಷ್ಟಗಳನ್ನೆಲ್ಲ ಅರಿತೂ ಅವರು ಅದಕ್ಕೆ ಕೈಹಾಕಿದರೆಂಬುದನ್ನು ನೆನೆಯಬೇಕು.

ಶಿಷ್ಯವಾತ್ಸಲ್ಯ

ಗುರುವಿನ ಯೋಗ್ಯತೆಯನ್ನು ಶಿಷ್ಯರಲ್ಲಿ ನೋಡಬೇಕೆಂಬ ಮಾತಿದೆ. ಯಲಿವಾಳದ ಬಾಲಕ ಬಸವರಾಜ ರಾಜಗುರುವು ಸುಮಾರು 13ನೆಯ ವಯಸ್ಸಿನಲ್ಲಿ ಗವಾಯಿಗಳವರ ಬಳಿಗೆ ಬಂದನು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ 600ನೆಯ ವರ್ಷದ ಉತ್ಸವವು ನೆರವೇರಿತು. ಅಲ್ಲಿ ತರುಣ ಬಸವರಾಜನು ಹಾಡಲು ಕುಳಿತಾಗ ಅವನಿಗೆ ತಬಲಾ ಸಾಥಿಯನ್ನು ಕೊಟ್ಟವರು ಯಾರು? ಅವನ ಗುರುಗಳಾದ ಪಂಚಾಕ್ಷರ ಗವಾಯಿಗಳವರೇ! ವೇದಿಕೆಯ ನಡುವೆ ಶಿಷ್ಯ, ಮಗ್ಗುಲಲ್ಲಿ ಗುರು. ಕಲಾವಂತರ ಲೋಕದಲ್ಲಿ ಮಾನಾಪಮಾನಗಳ ಸೂಕ್ಷ್ಮವು ಎಷ್ಟೆಂಬುದನ್ನು ಬಲ್ಲವರಿಗೆ ಈ ಚಿತ್ರದ ಬೆಲೆಯು ತಿಳಿಯುವುದು. ಯಾರು ಮೊದಲು ಹಾಡಬೇಕು, ಯಾರ ಆಸನವು ಎಲ್ಲಿರಬೇಕೆಂಬುದಕ್ಕಾಗಿ ಮುನಿದು ಎದ್ದುಹೋದ ಪಂಡಿತರು ಎಷ್ಟೋ ಮಂದಿ. ಸಾಥಿದಾರನ ಕೆಲಸವೆಂದರೆ ತಾನು ಹಿಂದೆ ನಿಂತು ಗಾಯಕನ ಹೆಜ್ಜೆಗೆ ನೆಲವಾಗುವುದು. ಸಾವಿರಾರು ಜನರ ಮುಂದೆ ಮೊದಲ ಸಲ ದನಿಯೆತ್ತುವ ಹುಡುಗನ ಎದೆಯು ನಡುಗಿದ್ದರೆ, ಪರಿಚಿತವಾದ ಆ ಠೇಕೆಯೇ ಅವನಿಗೆ ಧೈರ್ಯವನ್ನು ತುಂಬಿರಬೇಕು. ಬಸವರಾಜ ರಾಜಗುರುಗಳು ಮುಂದೆ ಹಿಂದುಸ್ತಾನದ ಅಗ್ರಗಣ್ಯ ಗಾಯಕರಲ್ಲೊಬ್ಬರಾಗಿ ಮೆರೆದು, 1991ರಲ್ಲಿ ಕಾಲವಾದರು.

ಇನ್ನೊಬ್ಬ ಶಿಷ್ಯರು ಶ್ರೀ ಪುಟ್ಟರಾಜ ಗವಾಯಿಗಳವರು. 1914ರಲ್ಲಿ ಹಾನಗಲ್ಲ ಸೀಮೆಯಲ್ಲಿಯೇ ಹುಟ್ಟಿ, ಕೂಸಾಗಿರುವಾಗಲೇ ಕಣ್ಣನ್ನು ಕಳೆದುಕೊಂಡವರು. ಕುಮಾರಸ್ವಾಮಿಗಳವರು ಒಬ್ಬ ಅಂಧ ಬಾಲಕನಿಗೆ ಮಾಡಿದುದನ್ನು ಪಂಚಾಕ್ಷರಿಗಳವರು ಮತ್ತೊಬ್ಬ ಅಂಧ ಬಾಲಕನಿಗೆ ಮಾಡಿದರು. ಕೊಡುವವನಿಗೆ ಮರಳಿ ಕೊಡಲಾಗದ ಸಾಲವನ್ನು ಮುಂದಿನವನಿಗೆ ಸಲ್ಲಿಸಿ ತೀರಿಸುವುದೇ ಗುರುಋಣವನ್ನು ಕಳೆಯುವ ಬಗೆ.

ಲಿಂಗೈಕ್ಯ

1944ನೆಯ ಇಸವಿ ಜೂನ್ ತಿಂಗಳಲ್ಲಿ ಗವಾಯಿಗಳವರು ಗದುಗಿನಲ್ಲಿ ಲಿಂಗೈಕ್ಯರಾದರು. ಆಗ ಅವರ ವಯಸ್ಸು 52. ಮಹಾಯುದ್ಧದ ದೆಸೆಯಿಂದ ಕಾಳುಕಡಿಯ ಬೆಲೆಯು ಏರಿದ್ದ ಕಾಲವದು. ಆಶ್ರಮದಲ್ಲಿ ಉಣ್ಣುವ ಬಾಯಿಗಳು ಹಲವು. ಕೈಹಿಡಿದು ನಡೆಸುವವರೇ ಇಲ್ಲವಾದರು. ಆ ಭಾರವು 30 ವರ್ಷದ ಪುಟ್ಟರಾಜರ ಹೆಗಲಿಗೆ ಬಿದ್ದಿತು. ಅವರು ಅದನ್ನು ಒಂದೆರಡು ವರ್ಷವಲ್ಲ, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ 66 ವರ್ಷಗಳ ಕಾಲ ಹೊತ್ತರು. ಆ ಅವಧಿಯಲ್ಲಿ ಆಶ್ರಮದಿಂದ ಹೊರಬಿದ್ದ ಹಾಡುಗಾರರು, ತಬಲಜಿಗಳು, ಕೀರ್ತನಕಾರರು, ಸಂಗೀತದ ಮಾಸ್ತರರು ನಾಡಿನ ತುಂಬ ಹರಡಿದರು. ಇಂದು ಉತ್ತರ ಕರ್ನಾಟಕದ ಯಾವ ಊರಿನ ಪುರಾಣಕ್ಕೆ ಹೋದರೂ, ಪೇಟಿಯ ಮುಂದೆಯೋ ತಬಲಾದ ಮುಂದೆಯೋ ಪುಣ್ಯಾಶ್ರಮದಲ್ಲಿ ಕಲಿತವನೊಬ್ಬನು ಕುಳಿತಿರುವುದು ಅಪರೂಪವಲ್ಲ.

ಗವಾಯಿಗಳವರು ಬಿಟ್ಟುಹೋದ ಆಸ್ತಿಯು ಯಾವುದೆಂದು ಕೇಳಿದರೆ ಇದನ್ನೇ ತೋರಿಸಬೇಕು. ಗಾಯಕನ ಕಲೆಯು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಅಡಗುವುದು. ಶಿಲ್ಪಿಗೆ ಕಲ್ಲುಂಟು, ಕವಿಗೆ ಓಲೆಯುಂಟು. ಹಾಡುವವನಿಗೆ ಕೇಳುವವನ ನೆನಪೊಂದೇ ಆಧಾರ, ಆ ನೆನಪೂ ಅವನೊಡನೆಯೇ ಅಳಿಯುವುದು. ಇದನ್ನು ಬಲ್ಲ ಗವಾಯಿಗಳವರು ತಮ್ಮ ನಾದವನ್ನು ಬೇರೆಯವರ ಕೊರಳುಗಳಲ್ಲಿ ಬಿತ್ತಿ ಹೋದರು.

ಶ್ರೀಮಠದ ಮಹೋತ್ಸವಕ್ಕೆ ನೆರೆದ ಭಕ್ತರಲ್ಲಿ ಒಂದು ವಿಜ್ಞಾಪನೆಯನ್ನು ಮಾಡಿ ಈ ಲೇಖನವನ್ನು ಮುಗಿಸುವೆನು. ನಮ್ಮ ಮಠಗಳಲ್ಲಿ ಅನ್ನದಾಸೋಹವು ತಪ್ಪದೆ ನಡೆದುಬಂದಿದೆ, ಅದು ನಡೆಯಲೇಬೇಕು. ಆದರೆ ಉಂಡೆದ್ದವನು ಮರುದಿನ ಮತ್ತೆ ಹಸಿಯುವನು. ವಿದ್ಯೆಯನ್ನುಂಡವನಾದರೋ ಇನ್ನೊಬ್ಬನಿಗೆ ಉಣಬಡಿಸುವ ಯೋಗ್ಯತೆಯನ್ನು ಪಡೆಯುವನು. ಮುಂದಿನ ಜಾತ್ರೆಯಲ್ಲಿ ಹಾಡುವ ಬಾಲಕನೊಬ್ಬನು ನಮ್ಮ ಕಣ್ಣಿಗೆ ಬಿದ್ದರೆ, ಕೈಯನ್ನು ಜೇಬಿಗೆ ಹಾಕುವ ಮೊದಲು ಅವನ ಹೆಸರನ್ನೂ ಊರನ್ನೂ ಕೇಳೋಣ. ಅವನನ್ನು ಎಲ್ಲಿ ಕೂಡಿಸಿದರೆ ಅವನು ಕಲಿತಾನೆಂಬುದನ್ನು ವಿಚಾರಿಸೋಣ. ಹಾನಗಲ್ಲ ಶ್ರೀಗಳವರು ಮಾಡಿದುದು ಇಷ್ಟೇ. ಇಷ್ಟನ್ನು ಮಾಡುವ ಮನಸ್ಸನ್ನು ಪರಶಿವನು ನಮಗೆ ಕರುಣಿಸಲಿ. ಗಾನಯೋಗಿಗಳವರ ಪುಣ್ಯಸ್ಮರಣೆಯು ನಮ್ಮನ್ನು ಎಚ್ಚರಿಸುತ್ತಿರಲಿ.

ಮಂಗಳಂ ಮಹಾ ಶ್ರೀ.